ದಿವಾನ್ ಪೂರ್ಣಯ್ಯನವರ ಲೆಕ್ಕ ಮತ್ತು ಒಂದು ಕಲ್ಲಿನ ಸೇತುವೆ

ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋದವರು ಸಾಮಾನ್ಯವಾಗಿ ಗುಂಬಜ್, ದರಿಯಾ ದೌಲತ್, ಮಸ್ಜಿದೆ ಆಲಾ, ರಂಗನಾಥಸ್ವಾಮಿ ದೇವಸ್ಥಾನ ಇವಿಷ್ಟನ್ನು ನೋಡಿ ಬಸ್ ಹತ್ತುತ್ತಾರೆ. ಅಲ್ಲೇ ಕಾವೇರಿಯ ಮೇಲೆ ಎರಡು ಶತಮಾನಗಳಿಂದ ನಿಂತಿರುವ ಕಲ್ಲಿನ ಸೇತುವೆಯನ್ನು ನೋಡಲೆಂದೇ ಇಳಿಯುವವರು ತೀರಾ ಕಡಿಮೆ. ಅದರ ಹೆಸರು ವೆಲ್ಲೆಸ್ಲಿ ಸೇತುವೆ. ಹೆಸರು ಇಂಗ್ಲಿಷ್ ಗವರ್ನರ್ ಜನರಲ್‌ನದು. ಕಟ್ಟಿಸಿದ್ದು ಮಾತ್ರ ಮೈಸೂರಿನ ದಿವಾನ್ ಪೂರ್ಣಯ್ಯನವರು. ಹೈದರ್ ಅಲಿ, ಟಿಪ್ಪು ಸುಲ್ತಾನ್ ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರ್ ಹೀಗೆ ಮೂವರ ಬಳಿ ದುಡಿದ ಲೆಕ್ಕಿಗ ಅವರು.

ಮಳೆಗಾಲ ಬಂತೆಂದರೆ ನಮ್ಮ ಬಂಟ್ವಾಳದಲ್ಲಿ ಹಳೆಯ ಸೇತುವೆಗಳ ಮಾತು ಶುರುವಾಗುತ್ತದೆ. ಬ್ರಿಟಿಷರ ಕಾಲದಲ್ಲಿ ನೇತ್ರಾವತಿಗೆ ಅಡ್ಡಲಾಗಿ ಕಟ್ಟಿದ ಪಾಣೆಮಂಗಳೂರಿನ ಕಬ್ಬಿಣದ ಸೇತುವೆ ನೂರು ವರ್ಷ ದಾಟಿ ನಿಂತಿದೆ. ಇನ್ನು ಸಾಕು, ಮುಚ್ಚಿಬಿಡಿ ಎನ್ನುವವರಿದ್ದಾರೆ. ದುರಸ್ತಿ ಮಾಡಿ ಉಳಿಸಿ ಎನ್ನುವವರೂ ಇದ್ದಾರೆ. ರೈಲ್ವೆಯ ಹಳೆಯ ಕಲ್ಲಿನ ಕಮಾನು ಸೇತುವೆಗಳ ಬಗ್ಗೆಯೂ ದೇಶ ವಿದೇಶಗಳಲ್ಲಿ ಇದೇ ವಾದ ನಡೆಯುತ್ತಿದೆ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಎಂಜಿನಿಯರುಗಳ ಭಾಷೆ ನನ್ನದಲ್ಲ. ಆದರೆ ಸೇತುವೆ ಕಟ್ಟುವುದು, ಕೆಡವುವುದು, ಉಳಿಸುವುದು ಮೂರೂ ಕೊನೆಗೆ ಲೆಕ್ಕದ ಪುಸ್ತಕಕ್ಕೆ ಬರುತ್ತವೆ. ಅದಕ್ಕೇ ಲೆಕ್ಕದಿಂದಲೇ ಮೇಲೆ ಬಂದು ಸೇತುವೆ ಕಟ್ಟಿಸಿದ ಒಬ್ಬರ ಬದುಕನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿಯ ಲೆಕ್ಕದಿಂದ ಖಜಾನೆಯವರೆಗೆ

ಪೂರ್ಣಯ್ಯನವರು ಹುಟ್ಟಿದ್ದು 1746ರಲ್ಲಿ, ಇಂದಿನ ತಮಿಳುನಾಡಿನ ಕೊಯಮತ್ತೂರು ಸೀಮೆಯ ಒಂದು ಬಡ ಮಾಧ್ವ ಬ್ರಾಹ್ಮಣ ಕುಟುಂಬದಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಮನೆ ನಡೆಯಬೇಕಲ್ಲ, ಹುಡುಗ ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ. ಆ ವ್ಯಾಪಾರಿಯ ವ್ಯವಹಾರದ ಮೂಲಕ ಅವನಿಗೆ ಶ್ರೀರಂಗಪಟ್ಟಣದ ಅರಮನೆಗೆ ಸಾಮಾನು ಒದಗಿಸುತ್ತಿದ್ದ ದೊಡ್ಡ ವರ್ತಕರ ಪರಿಚಯವಾಯಿತು. ಅರಮನೆಗೆ ಹೋಗುವ ಪಟ್ಟಿಗಳು ಪೂರ್ಣಯ್ಯನ ಕೈಬರಹದಲ್ಲಿ ಹೋಗತೊಡಗಿದವು. ಬರಹ ಮುದ್ದಾಗಿತ್ತು, ಕೂಡಿಸಿದ್ದು ತಪ್ಪುತ್ತಿರಲಿಲ್ಲ, ಒಮ್ಮೆ ಬರೆದ ಮೊತ್ತ ಮರೆತು ಹೋಗುತ್ತಿರಲಿಲ್ಲ.

ಹೈದರ್ ಅಲಿಯವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಅವರ ನೆನಪಿನ ಶಕ್ತಿ ಅಸಾಮಾನ್ಯ. ಬಾಯಿಲೆಕ್ಕದಲ್ಲಿ ಅವರನ್ನು ಮೋಸಗೊಳಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ಇಂಥ ಯಜಮಾನರಿಗೆ ಬೇಕಿದ್ದದ್ದು ತಮ್ಮ ನೆನಪಿನ ಜೊತೆ ತಾಳೆಯಾಗುವ ಪುಸ್ತಕ. ಅದು ಪೂರ್ಣಯ್ಯನವರಲ್ಲಿ ಸಿಕ್ಕಿತು. ವರ್ತಕರ ಗುಮಾಸ್ತನಾಗಿ ಬಂದವರು ಸರಕಾರದ ಲೆಕ್ಕದವರಾದರು, ಕ್ರಮೇಣ ಹಣಕಾಸಿನ ಮುಖ್ಯ ಅಧಿಕಾರಿಗಳಲ್ಲಿ ಒಬ್ಬರಾದರು. ಆಸ್ಥಾನದ ಭಾಷೆ ಪರ್ಷಿಯನ್, ಅದನ್ನೂ ಕಲಿತರು. ಟಿಪ್ಪು ಸುಲ್ತಾನರ ಕಾಲದಲ್ಲಿ ಸರಕಾರದ ಲೆಕ್ಕವೇ ಪರ್ಷಿಯನ್‌ಗೆ ಬದಲಾದಾಗ ಆ ಕಲಿಕೆ ಕೈಹಿಡಿಯಿತು.

ಇಲ್ಲಿ ನನಗೆ ಖುಷಿ ಕೊಟ್ಟ ಒಂದು ಸಂಗತಿ ಹೇಳಬೇಕು. ನಮ್ಮ ಮನೆಯಲ್ಲಿ ಉರ್ದು ಮಾತನಾಡುತ್ತೇವೆ. ಶಾಲೆಯಲ್ಲಿ ಕನ್ನಡ ಕಲಿಯುವಾಗ ಕಷ್ಟ ಎನಿಸಿದ ಪದಗಳ ನಡುವೆ ಕೆಲವು ಪದಗಳು ಮೊದಲೇ ಗೊತ್ತಿದ್ದವು. ಜಮಾ, ಖರ್ಚು, ಬಾಕಿ, ವಸೂಲಿ, ರಶೀದಿ, ಖಜಾನೆ, ತಹಶೀಲ್ದಾರ್, ಜಮೀನು, ದಾಖಲೆ. ಇಂದು ಬಿ.ಸಿ.ರೋಡಿನ ತಾಲೂಕು ಕಚೇರಿಗೆ ಹೋಗುವ ಯಾವ ರೈತನೂ ಇವನ್ನು ಬೇರೆ ಭಾಷೆಯ ಪದ ಅಂದುಕೊಳ್ಳುವುದಿಲ್ಲ. ಪೂರ್ಣಯ್ಯನವರಂಥ ಸಾವಿರಾರು ಲೆಕ್ಕಿಗರು ಎರಡು ಭಾಷೆಗಳ ನಡುವೆ ದಿನವೂ ಓಡಾಡಿದ್ದರಿಂದ ಈ ಪದಗಳು ಈಚೆ ದಡಕ್ಕೆ ಬಂದು ಉಳಿದವು.

ಗುಟ್ಟು ಕಾಪಾಡಿದ ದಿನಗಳು

1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಯುದ್ಧ ಶಿಬಿರದಲ್ಲಿ ಹೈದರ್ ಅಲಿಯವರು ನಿಧನರಾದರು. ಆಗ ಟಿಪ್ಪು ಅವರು ದೂರದ ಮಲಬಾರ್ ಕರಾವಳಿಯಲ್ಲಿ ಯುದ್ಧದಲ್ಲಿದ್ದರು. ನವಾಬರು ಇಲ್ಲ ಎಂಬ ಸುದ್ದಿ ಹೊರಬಿದ್ದರೆ ಸೈನ್ಯದಲ್ಲಿ ಒಡಕು ಬರಬಹುದಿತ್ತು, ಇನ್ನೊಬ್ಬರು ಗದ್ದುಗೆಗೆ ಕೈಹಾಕಬಹುದಿತ್ತು, ಎದುರಿಗಿದ್ದ ಇಂಗ್ಲಿಷರು ಮೇಲೆ ಬೀಳಬಹುದಿತ್ತು. ಪೂರ್ಣಯ್ಯನವರೂ ಇತರ ಕೆಲವು ನಂಬಿಕಸ್ಥರೂ ಸೇರಿ ಸಾವಿನ ಸುದ್ದಿಯನ್ನು ಮುಚ್ಚಿಟ್ಟರು. ಪಾರ್ಥಿವ ಶರೀರವನ್ನು ಬೆಲೆಬಾಳುವ ವಸ್ತುಗಳ ಪೆಟ್ಟಿಗೆಯಂತೆ ಕಾಣುವ ಪೆಟ್ಟಿಗೆಯಲ್ಲಿಟ್ಟು ಕಾವಲಿನಲ್ಲಿ ಕೋಲಾರಕ್ಕೆ ಕಳುಹಿಸಿದರು. ಶಿಬಿರದ ದಿನಚರಿ ಎಂದಿನಂತೆ ನಡೆಯಿತು. ಟಿಪ್ಪು ಅವರು ಬಂದು ಸೇರುವವರೆಗೆ ಸೈನ್ಯ ಚದುರದೆ ಉಳಿಯಿತು.

ಆ ದಿನಗಳಲ್ಲಿ ಖಜಾನೆಯ ಕೀಲಿ ಹತ್ತಿರವಿದ್ದ ಮನುಷ್ಯ ಬಯಸಿದ್ದರೆ ಏನು ಬೇಕಾದರೂ ಮಾಡಬಹುದಿತ್ತು. ಪೂರ್ಣಯ್ಯನವರು ಮಗನ ಆಸ್ತಿಯನ್ನು ಮಗನಿಗೆ ಒಪ್ಪಿಸಿದರು. ಟಿಪ್ಪು ಸುಲ್ತಾನರು ಮುಂದಿನ ಹದಿನೇಳು ವರ್ಷ ಅವರನ್ನು ದೊಡ್ಡ ಹುದ್ದೆಗಳಲ್ಲಿ ಇಟ್ಟುಕೊಂಡದ್ದು ಇದೇ ನಂಬಿಕೆಯಿಂದ ಇರಬೇಕು.

ಆ ಹದಿನೇಳು ವರ್ಷಗಳು ಸುಲಭದವಾಗಿರಲಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಸುಲ್ತಾನರು ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕಾಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಕೊಡಬೇಕಾಯಿತು, ಅದು ಸಂದಾಯವಾಗುವವರೆಗೆ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. ಆದಾಯ ಅರ್ಧವಾದ ರಾಜ್ಯದಿಂದ ಅಷ್ಟು ಹಣ ಹೊಂದಿಸುವುದೆಂದರೆ ಏನು ಎಂಬುದನ್ನು ಲೆಕ್ಕಶಾಸ್ತ್ರ ಓದುವ ನಾವು ಊಹಿಸಬಹುದು. ಮಕ್ಕಳು ಎರಡು ವರ್ಷದ ನಂತರ ಮನೆಗೆ ಮರಳಿದರು. ನಮ್ಮ ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲಿನ ಜಮಾಲಾಬಾದ್ ಕೋಟೆ ಕಟ್ಟಿದ್ದೂ ಅದೇ ಕಾಲದಲ್ಲಿ, 1794ರಲ್ಲಿ. ಕರಾವಳಿ ಆಗ ಸುಲ್ತಾನರ ಆಡಳಿತದಲ್ಲಿತ್ತು, ಇಲ್ಲಿನ ಕಂದಾಯದ ಲೆಕ್ಕವೂ ಶ್ರೀರಂಗಪಟ್ಟಣಕ್ಕೇ ಹೋಗುತ್ತಿತ್ತು.

1799ರ ಮೇ 4ರ ನಂತರ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಸುಲ್ತಾನರು ಹೋರಾಡುತ್ತಲೇ ಶಹೀದರಾದರು. ಆ ದಿನದ ದ್ರೋಹದ ಕಥೆ ನಮ್ಮಂಥ ಮನೆಗಳಲ್ಲಿ ಇಂದಿಗೂ ಜೀವಂತ. ನಂಬಿಸಿ ಕೈಕೊಟ್ಟವನನ್ನು ನಮ್ಮ ಅಜ್ಜಿ ಈಗಲೂ ಮೀರ್ ಸಾದಿಕ್ ಎಂದೇ ಬೈಯುವುದು. ಕೆಲವರು ಆ ಹೆಸರಿನ ಪಕ್ಕದಲ್ಲೇ ಪೂರ್ಣಯ್ಯನವರ ಹೆಸರನ್ನೂ ಸೇರಿಸುತ್ತಾರೆ. ಸುಲ್ತಾನರ ಅಧಿಕಾರಿ ಮರುತಿಂಗಳೇ ಇಂಗ್ಲಿಷರು ನಿಲ್ಲಿಸಿದ ಸರಕಾರದ ದಿವಾನರಾದರಲ್ಲ, ಅದು ಹೇಗೆ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕುವಾಗ ಜಮೆಯ ಕಡೆಯನ್ನೂ ಖರ್ಚಿನ ಕಡೆಯನ್ನೂ ನೋಡಬೇಕು. ಮೀರ್ ಸಾದಿಕರ ಮೇಲಿನ ಆರೋಪವನ್ನು ಸುಲ್ತಾನರ ಕಾಲದ ಪರ್ಷಿಯನ್ ಇತಿಹಾಸಕಾರ ಕಿರ್ಮಾನಿಯೇ ಬರೆದಿದ್ದಾರೆ. ಪೂರ್ಣಯ್ಯನವರ ವಿಷಯದಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಆದರೆ ಒಂದು ಸಂಗತಿಯನ್ನು ಅವರನ್ನು ದೂರುವವರು ಹೆಚ್ಚಾಗಿ ಹೇಳುವುದಿಲ್ಲ. ಕೋಟೆ ಬಿದ್ದ ಮೇಲೆ ಇಂಗ್ಲಿಷ್ ಸೇನಾಪತಿಯ ಎದುರು ಬಂದಾಗ ಪೂರ್ಣಯ್ಯನವರು ಮೊದಲು ಮುಂದಿಟ್ಟ ಸಲಹೆ ಟಿಪ್ಪು ಸುಲ್ತಾನರ ಹಿರಿಯ ಮಗ ಫತೇ ಹೈದರರನ್ನೇ ಗದ್ದುಗೆಗೆ ಕೂರಿಸಬೇಕು ಎಂಬುದಾಗಿತ್ತು. ಕಂಪನಿ ಅದನ್ನು ಒಪ್ಪಲಿಲ್ಲ. ಸುಲ್ತಾನರ ಮಕ್ಕಳನ್ನು ವೆಲ್ಲೂರಿಗೆ ಕಳುಹಿಸಿತು. ಕರಾವಳಿಯನ್ನು ತಾನೇ ಇಟ್ಟುಕೊಂಡಿತು, ಹೀಗೆ ನಮ್ಮ ಜಿಲ್ಲೆ ಮೈಸೂರಿನಿಂದ ಬೇರೆಯಾಯಿತು. ಉಳಿದ ಮೈಸೂರಿಗೆ ಹಳೆಯ ಒಡೆಯರ್ ವಂಶದ ಐದು ವರ್ಷದ ಬಾಲಕನನ್ನು ಜೂನ್ 30ರಂದು ರಾಜನನ್ನಾಗಿ ಮಾಡಿತು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರ್. ಆಡಳಿತವನ್ನು ಪೂರ್ಣಯ್ಯನವರ ಕೈಗೆ ಕೊಟ್ಟಿತು.

ಹೊಸದಾಗಿ ಗೆದ್ದವರು ಹಳೆಯದನ್ನೆಲ್ಲ ಕೆಡವುವುದು ಲೋಕರೂಢಿ. ಸುಲ್ತಾನರ ಲಾಲ್ ಮಹಲ್ ಅರಮನೆ ಹಾಗೆಯೇ ಹೋಯಿತು. ಅದನ್ನು ಬಿಚ್ಚಿ ತೆಗೆದ ಮರದ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡಿಗೆ ಸೇರಿವೆ. ಲಾಲ್ ಮಹಲ್ ಇದ್ದ ಜಾಗದಲ್ಲಿ ಇಂದು ನೋಡಲು ಏನೂ ಉಳಿದಿಲ್ಲವೆಂದೇ ಹೇಳಬೇಕು. ಆದರೆ ಅದೇ ಗೆದ್ದವರು ಹಳೆಯ ಸರಕಾರದ ಲೆಕ್ಕಿಗನನ್ನು ಮಾತ್ರ ಉಳಿಸಿಕೊಂಡರು. ಯಾವ ಊರಿನಿಂದ ಎಷ್ಟು ಕಂದಾಯ ಬರಬೇಕು, ಯಾವ ಕೆರೆ ಒಡೆದಿದೆ, ಯಾರಿಗೆ ಎಷ್ಟು ಬಾಕಿ ಎಂಬುದು ಅವರ ತಲೆಯಲ್ಲಿತ್ತು. ಅವರನ್ನು ತೆಗೆದುಹಾಕಿದ್ದರೆ ಹೊಸ ಸರಕಾರಕ್ಕೆ ಮೊದಲ ವರ್ಷದ ಕಂದಾಯವೂ ಹುಟ್ಟುತ್ತಿರಲಿಲ್ಲ. ಎರಡು ಆಡಳಿತಗಳ ನಡುವೆ 53 ವರ್ಷದ ಆ ಮನುಷ್ಯನೇ ಒಂದು ಸೇತುವೆಯಾದರು.

ಕಾವೇರಿಗೆ ಕಲ್ಲು

ದಿವಾನರಾಗಿ ಪೂರ್ಣಯ್ಯನವರಿಗೆ ಇದ್ದ ಭಾರ ದೊಡ್ಡದು. ಕಂಪನಿಗೆ ಪ್ರತಿ ವರ್ಷ 7 ಲಕ್ಷ ನಕ್ಷತ್ರ ವರಹ ಕೊಡಬೇಕಿತ್ತು. ಯುದ್ಧದಿಂದ ಹಾಳಾದ ಕೆರೆ, ಕಾಲುವೆ, ರಸ್ತೆಗಳನ್ನು ಸರಿಪಡಿಸಬೇಕಿತ್ತು. ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬದಲಾಗಿತ್ತು. ಬೆಂಗಳೂರಿನಿಂದ ಮೈಸೂರಿಗೆ ಬರುವ ದಾರಿಯಲ್ಲಿ ಕಾವೇರಿ ಎರಡು ಕವಲಾಗಿ ಅಡ್ಡ ಬರುತ್ತದೆ. ಮಳೆಗಾಲದಲ್ಲಿ ಹರಿಗೋಲೇ ಗತಿ. ಎತ್ತಿನ ಗಾಡಿಗಳು, ಅಕ್ಕಿ ಮೂಟೆಗಳು, ಟಪಾಲು ಎಲ್ಲವೂ ದಡದಲ್ಲಿ ನೀರು ಇಳಿಯುವುದನ್ನು ಕಾಯಬೇಕಿತ್ತು. ನೇತ್ರಾವತಿ ತುಂಬಿದಾಗ ಕಡವಿನಲ್ಲಿ ಕಾದು ಕುಳಿತ ಹಿರಿಯರ ಕಥೆ ಕೇಳಿದ ನಮಗೆ ಇದು ಅರ್ಥವಾಗುತ್ತದೆ.

1802ರಿಂದ 1804ರ ನಡುವೆ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಕಲ್ಲಿನ ಸೇತುವೆ ಕಟ್ಟಿಸಿದರು. ಇದು ಕಮಾನಿನ ಸೇತುವೆ ಅಲ್ಲ. ಹೊಳೆಯ ಬಂಡೆಯ ಮೇಲೆ ಸಾಲು ಸಾಲಾಗಿ ಕಲ್ಲಿನ ಕಂಬಗಳು, ಕಂಬದ ತಲೆಯ ಮೇಲೆ ಎರಡೂ ಕಡೆ ಚಾಚಿದ ಕಲ್ಲುಗಳು, ಅವುಗಳ ಮೇಲೆ ಉದ್ದನೆಯ ಕಲ್ಲಿನ ತೊಲೆಗಳು, ಅದರ ಮೇಲೆ ರಸ್ತೆ. ನಮ್ಮ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿದವರಿಗೆ ಇದರ ತತ್ವ ಹೊಸದಲ್ಲ. ಕಲ್ಲು ಎಷ್ಟು ಭಾರವನ್ನಾದರೂ ಹೊರುತ್ತದೆ, ಆದರೆ ಬಾಗಿಸಿದರೆ ಬಿರುಕು ಬಿಡುತ್ತದೆ. ಆದ್ದರಿಂದ ಕಂಬಗಳನ್ನು ಹತ್ತಿರ ಹತ್ತಿರ ಇಟ್ಟು ನಡುವಿನ ಅಂತರವನ್ನು ಚಿಕ್ಕದು ಮಾಡಿದರು. ಮುಂದೆ ರೈಲ್ವೆಯವರು ಇದೇ ಸಮಸ್ಯೆಗೆ ಕಮಾನನ್ನು ಆರಿಸಿಕೊಂಡರು. ಕಮಾನಿನಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ, ಮೇಲಿನ ಭಾರ ಎರಡೂ ಬದಿಯ ಬುಡಕ್ಕೆ ಇಳಿಯುತ್ತದೆ. ಬುಡ ಗಟ್ಟಿ ಇರುವವರೆಗೆ ಕಮಾನು ಗಟ್ಟಿ.

ಸೇತುವೆಗೆ ಪೂರ್ಣಯ್ಯನವರು ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರಿಟ್ಟರು. ಸುಲ್ತಾನರ ಮೇಲೆ ಕೊನೆಯ ಯುದ್ಧ ಸಾರಿದ್ದು ಇದೇ ವೆಲ್ಲೆಸ್ಲಿ. ಅಂಥ ಹೆಸರಿನ ಸೇತುವೆಯನ್ನು ಉಳಿಸುವ ಗೋಜು ಏಕೆ ಎಂದು ನಮ್ಮವರೇ ಕೇಳಬಹುದು. ಆ ನೋವು ನನಗೂ ಇದೆ. ಆದರೆ ಕಲ್ಲು ಒಡೆದದ್ದು ವೆಲ್ಲೆಸ್ಲಿ ಅಲ್ಲ. ಹೊತ್ತದ್ದು, ನೀರಿಗಿಳಿದು ಕಂಬ ನಿಲ್ಲಿಸಿದ್ದು ಈ ನಾಡಿನ ಕೂಲಿಯವರು, ಕಲ್ಲುಕುಟಿಗರು. ಖರ್ಚಾದದ್ದು ಈ ನಾಡಿನ ರೈತರು ಕೊಟ್ಟ ಕಂದಾಯ. ಅದರ ಮೇಲೆ ನಡೆದುಹೋದವರೂ ಎಲ್ಲ ಜಾತಿ ಮತಗಳ ನಮ್ಮವರೇ. ಖಾತೆಯ ತಲೆಬರಹದಲ್ಲಿ ಯಾರ ಹೆಸರಿದ್ದರೂ ಹಣ ಹಾಕಿದವರು ಯಾರು ಎಂದು ನೋಡಬೇಕಲ್ಲವೆ?

ಉಳಿಸಿದ ಹಣ, ಉಳಿಸಿದ ಟೀಕೆ

ಪೂರ್ಣಯ್ಯನವರು 1811ರವರೆಗೆ ಆಡಳಿತ ನಡೆಸಿದರು. ಅಧಿಕಾರ ಬಿಡುವಾಗ ಖಜಾನೆಯಲ್ಲಿ 2 ಕೋಟಿ ರೂಪಾಯಿಗೂ ಹೆಚ್ಚು ಉಳಿಸಿದ್ದರು ಎಂದು ಇತಿಹಾಸಕಾರರು ಬರೆಯುತ್ತಾರೆ. ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ. ಇದನ್ನು ಹೊಗಳಿದವರಿದ್ದಾರೆ. ರೈತರ ಮೇಲೆ ಕಂದಾಯದ ಒತ್ತಡ ಹಾಕಿ ಹಣ ಕೂಡಿಟ್ಟರು ಎಂದು ಟೀಕಿಸಿದವರೂ ಇದ್ದಾರೆ. ಕಂಪನಿಯ ಯುದ್ಧಗಳಿಗೆ ದನಕರು, ಧಾನ್ಯ, ಕುದುರೆ ಸೈನ್ಯ ಒದಗಿಸಿದ್ದೂ ಅವರ ಲೆಕ್ಕದಲ್ಲೇ ಇದೆ. ಇದಕ್ಕೆ ಮೆಚ್ಚುಗೆಯಾಗಿ 1807ರಲ್ಲಿ ಅವರಿಗೆ ಯಳಂದೂರು ಜಹಗೀರು ಸಿಕ್ಕಿತು. ಅಧಿಕಾರ ಬಿಟ್ಟ ಮರುವರ್ಷ, 1812ರ ಮಾರ್ಚ್ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡರು.

ಕೂಡಿಟ್ಟ 2 ಕೋಟಿ ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿದರೆ, ಕೆಲವೇ ವರ್ಷಗಳಲ್ಲಿ ಕರಗಿತು ಎನ್ನಬೇಕು. 1831ರಲ್ಲಿ ಕಂಪನಿ ರಾಜರಿಂದ ಆಡಳಿತವನ್ನೇ ಕಿತ್ತುಕೊಂಡಿತು. ಪೆಟ್ಟಿಗೆಯಲ್ಲಿಟ್ಟ ಹಣ ಹೋಯಿತು, ಹೊಳೆಗೆ ಹಾಕಿದ ಹಣ ಉಳಿಯಿತು. ಹೊಳೆಗೆ ಹಾಕಿದಂತೆ ಎಂದು ನಾವು ದಂಡವಾದ ಖರ್ಚಿಗೆ ಹೇಳುತ್ತೇವೆ. ಪೂರ್ಣಯ್ಯನವರ ವಿಷಯದಲ್ಲಿ ಆ ಮಾತು ತಿರುವುಮುರುವಾಯಿತು.

ರೈಲು ಬಂದಾಗ

ಪೂರ್ಣಯ್ಯನವರು ತೀರಿ ಎಪ್ಪತ್ತು ವರ್ಷಗಳ ನಂತರ ಬೆಂಗಳೂರು ಮೈಸೂರು ರೈಲು ಮಾರ್ಗ ಶ್ರೀರಂಗಪಟ್ಟಣದ ಕೋಟೆಯನ್ನೇ ಹಾದು ಹೋಯಿತು. ಆಗ ಹಳೆಯದನ್ನು ಉಳಿಸಬೇಕೆಂಬ ಯೋಚನೆ ರೈಲ್ವೆಯವರಿಗೆ ಅಷ್ಟಾಗಿ ಇರಲಿಲ್ಲ. ನೂರಕ್ಕೂ ಹೆಚ್ಚು ವರ್ಷ ಕಳೆದು ಅದೇ ಮಾರ್ಗವನ್ನು ಜೋಡಿ ಹಳಿ ಮಾಡಲು ಹೊರಟಾಗ, ನಿಲ್ದಾಣದ ಹತ್ತಿರ ಟಿಪ್ಪು ಸುಲ್ತಾನರ ಕಾಲದ ಒಂದು ಮದ್ದಿನ ಮನೆ ಅಡ್ಡ ಬಂತು. ಕೆಡವಿದರೆ ಒಂದು ದಿನದ ಕೆಲಸ. ಹಳಿಯನ್ನು ಬೇರೆ ಕಡೆ ತಿರುಗಿಸಲೂ ಜಾಗವಿಲ್ಲ. ಹಲವು ವರ್ಷ ಆ ಒಂದು ತುಂಡು ಮಾರ್ಗ ಹಾಗೆಯೇ ನಿಂತಿತು.

ಕೊನೆಗೆ 2017ರಲ್ಲಿ ಸುಮಾರು 1000 ಟನ್ ತೂಕದ ಆ ಇಡೀ ಕಟ್ಟಡವನ್ನು ಬುಡದಿಂದ ಎತ್ತಿ, ಒಡೆಯದೆ, ಜ್ಯಾಕ್‌ಗಳ ಸಹಾಯದಿಂದ ಇಂಚಿಂಚಾಗಿ ಸರಿಸಿ ನೂರು ಮೀಟರಿಗೂ ಹೆಚ್ಚು ದೂರದಲ್ಲಿ ಇಟ್ಟರು. ಈಗ ಜೋಡಿ ಹಳಿಯಲ್ಲಿ ರೈಲು ಓಡುತ್ತಿದೆ, ಮದ್ದಿನ ಮನೆಯೂ ಇದೆ. ಇದಕ್ಕೆ ಕೋಟಿಗಟ್ಟಲೆ ಹಣ ಖರ್ಚಾಯಿತು. ಅಷ್ಟು ಹಣವನ್ನು ಶಾಲೆಗೋ ಆಸ್ಪತ್ರೆಗೋ ಕೊಡಬಹುದಿತ್ತಲ್ಲ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಪ್ರತಿ ಹಳೆಯ ಕಟ್ಟಡಕ್ಕೂ ಹೀಗೆ ಮಾಡಲು ಯಾವ ಸರಕಾರಕ್ಕೂ ಆಗುವುದಿಲ್ಲ. ಆದರೆ ಕೆಡವುವುದು ಅಥವಾ ರೈಲನ್ನೇ ಬಿಡುವುದು ಎಂಬ ಎರಡೇ ದಾರಿ ಇದೆ ಎಂದು ನಂಬಿದ್ದವರಿಗೆ ಮೂರನೆಯ ದಾರಿ ಇದೆ ಎಂದು ಅದು ತೋರಿಸಿತು.

ಕಲ್ಲಿನ ಕಮಾನು ಸೇತುವೆಗಳ ವಿಷಯದಲ್ಲಿ ಈ ಮೂರನೆಯ ದಾರಿ ಇನ್ನೂ ಅಗ್ಗ. ಕೇರಳದ ತೆನ್ಮಲ ಹತ್ತಿರ, 1904ರಲ್ಲಿ ತೆರೆದ ಮೀಟರ್ ಗೇಜ್ ಮಾರ್ಗದಲ್ಲಿ, ಹದಿಮೂರು ಕಮಾನುಗಳ ಒಂದು ಕಲ್ಲಿನ ಸೇತುವೆ ಇದೆ. ಮಾರ್ಗವನ್ನು ಬ್ರಾಡ್ ಗೇಜ್ ಮಾಡುವಾಗ ಅದನ್ನು ಕೆಡವಲಿಲ್ಲ. ಬಲಪಡಿಸಿದರು. 2018ರಿಂದ ಅದರ ಮೇಲೆಯೇ ದೊಡ್ಡ ರೈಲು ಹೋಗುತ್ತಿದೆ. ಇಂಗ್ಲೆಂಡಿನ ರಿಬಲ್‌ಹೆಡ್ ಎಂಬಲ್ಲಿ 24 ಕಮಾನುಗಳ ರೈಲ್ವೆ ಸೇತುವೆ ಇದೆ. 1980ರ ದಶಕದಲ್ಲಿ ಅದರ ದುರಸ್ತಿಗೆ ತುಂಬಾ ಖರ್ಚಾಗುತ್ತದೆ ಎಂದು ಹೇಳಿ ಇಡೀ ಮಾರ್ಗವನ್ನೇ ಮುಚ್ಚಲು ಅಲ್ಲಿನ ರೈಲ್ವೆ ಹೊರಟಿತ್ತು. ಜನ ವಿರೋಧಿಸಿದರು. 1989ರಲ್ಲಿ ಸರಕಾರ ಮಾರ್ಗವನ್ನು ಉಳಿಸಿತು. ದುರಸ್ತಿ ಮಾಡಿ ನೋಡಿದಾಗ ಖರ್ಚು ಮೊದಲು ಹೆದರಿಸಿದಷ್ಟು ಆಗಲಿಲ್ಲ. ಭಾರ ಕಡಿಮೆಯಾಗಲೆಂದು ಸೇತುವೆಯ ಮೇಲೆ ಎರಡು ಹಳಿ ಇದ್ದಲ್ಲಿ ಒಂದೇ ಹಳಿ ಉಳಿಸಿದರು. ಇಂದಿಗೂ ರೈಲು ಓಡುತ್ತಿದೆ.

ನಮ್ಮ ಊರಿನ ಲೆಕ್ಕ

ಲೆಕ್ಕಶಾಸ್ತ್ರದಲ್ಲಿ ಸವಕಳಿ ಎಂಬ ಪಾಠವಿದೆ. ಯಂತ್ರ, ಕಟ್ಟಡ, ವಾಹನ ಯಾವುದೇ ಇರಲಿ, ಪ್ರತಿ ವರ್ಷ ಅದರ ಬೆಲೆಯಲ್ಲಿ ಒಂದು ಪಾಲು ಕಳೆಯುತ್ತಾ ಹೋಗಬೇಕು. ಕೊನೆಗೊಂದು ದಿನ ಪುಸ್ತಕದಲ್ಲಿ ಅದರ ಬೆಲೆ ಸೊನ್ನೆಯಾಗುತ್ತದೆ. ಪುಸ್ತಕದಲ್ಲಿ ಸೊನ್ನೆಯಾದ ಯಂತ್ರ ಕಾರ್ಖಾನೆಯಲ್ಲಿ ಓಡುತ್ತಲೇ ಇರಬಹುದು. ಹಳೆಯ ಸೇತುವೆಗಳೂ ಹಾಗೆಯೇ. ಅವುಗಳ ವಯಸ್ಸನ್ನು ನೋಡಿ ಮಾತ್ರ ತೀರ್ಪು ಕೊಡಬಾರದು. 2018ರ ಜೂನ್‌ನಲ್ಲಿ ನಮ್ಮ ತಾಲೂಕಿನ ಮೂಲರಪಟ್ನದ ಸೇತುವೆ ಕುಸಿದದ್ದು ನಮಗೆಲ್ಲ ಗೊತ್ತು. 2024ರ ಆಗಸ್ಟ್‌ನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮಧ್ಯರಾತ್ರಿ ಬಿತ್ತು. ಎರಡೂ ಕಾಂಕ್ರೀಟ್ ಸೇತುವೆಗಳು, ಪೂರ್ಣಯ್ಯನವರ ಸೇತುವೆಯ ಮುಂದೆ ಮೊಮ್ಮಕ್ಕಳ ಮೊಮ್ಮಕ್ಕಳ ವಯಸ್ಸಿನವು.

ಹಾಗೆಂದು ಕಲ್ಲು ಎಂದೂ ಬೀಳುವುದಿಲ್ಲ ಎಂದಲ್ಲ. ಶಿವನಸಮುದ್ರದಲ್ಲಿ ಇದೇ ಮಾದರಿಯ ಹಳೆಯ ಕಲ್ಲಿನ ಸೇತುವೆಯ ಒಂದು ಭಾಗ ಈಚಿನ ವರ್ಷಗಳ ಕಾವೇರಿ ಪ್ರವಾಹದಲ್ಲಿ ಕೊಚ್ಚಿಹೋಯಿತು. ಕಂಬದ ಬುಡದ ಮಣ್ಣು ಕೊರೆದರೆ, ಸಂದಿಯಲ್ಲಿ ಆಲ ಅರಳಿ ಬೇರು ಬಿಟ್ಟರೆ, ಮೇಲೆ ಬಿದ್ದ ಮಳೆನೀರು ಹೊರಹೋಗಲು ದಾರಿಯಿಲ್ಲದಿದ್ದರೆ ಕಲ್ಲೂ ಸೋಲುತ್ತದೆ. ಜನರ ಪ್ರಾಣಕ್ಕಿಂತ ದೊಡ್ಡ ಪರಂಪರೆ ಯಾವುದೂ ಇಲ್ಲ. ಪರೀಕ್ಷೆ ಮಾಡಿದ ಎಂಜಿನಿಯರುಗಳು ಇದು ನಿಲ್ಲುವುದಿಲ್ಲ ಎಂದು ಹೇಳಿದರೆ ಅದರ ಮೇಲೆ ಒಂದು ಆಟೋ ರಿಕ್ಷಾವನ್ನೂ ಬಿಡಬಾರದು. ನನ್ನ ಮಾತು ಇಷ್ಟೇ: ವಾಹನ ನಿಲ್ಲಿಸುವುದು ಬೇರೆ, ಕೆಡವುವುದು ಬೇರೆ. ನಿಲ್ಲಿಸಿದ್ದನ್ನು ನಾಳೆ ಪುನಃ ತೆರೆಯಬಹುದು. ಕೆಡವಿದ್ದನ್ನು ಯಾರಿಂದಲೂ ತರಲಾಗದು.

ಶ್ರೀರಂಗಪಟ್ಟಣದಲ್ಲಿ ಆದದ್ದು ಇದೇ. ಲಾರಿ ಬಸ್ಸುಗಳ ಕಾಲ ಬಂದಾಗ ಹೆದ್ದಾರಿಗೆ ಬೇರೆ ಸೇತುವೆ ಕಟ್ಟಿದರು. ಎತ್ತಿನ ಗಾಡಿಗೆಂದು ಕಟ್ಟಿದ ಸೇತುವೆಯ ಮೇಲಿನ ಭಾರ ಇಳಿಯಿತು. ಮನೆಯ ಹಿರಿಯರಿಗೆ ವಯಸ್ಸಾದಾಗ ನಾವು ಅವರ ತಲೆಯ ಮೇಲಿನ ಮೂಟೆ ಇಳಿಸುತ್ತೇವೆ, ಮನೆಯಿಂದ ಹೊರಗೆ ಹಾಕುವುದಿಲ್ಲ. ಪೂರ್ಣಯ್ಯನವರ ಸೇತುವೆ ಇಂದಿಗೂ ಉಳಿದಿರುವುದಕ್ಕೆ ಅದರ ಕಲ್ಲು ಎಷ್ಟು ಕಾರಣವೋ ಪಕ್ಕದಲ್ಲಿ ಕಟ್ಟಿದ ಹೊಸ ಸೇತುವೆಯೂ ಅಷ್ಟೇ ಕಾರಣ.

ಪಾಣೆಮಂಗಳೂರಿನ ಪಕ್ಕದಲ್ಲೂ ಹೆದ್ದಾರಿಯ ಹೊಸ ಸೇತುವೆ ಇದೆ. ಹಳೆಯದರ ಮೇಲೆ ಘನ ವಾಹನಗಳಿಗೆ ನಿರ್ಬಂಧ ಹಾಕಿದ್ದಾರೆ. ಮುಂದಿನ ಕೆಲಸ ನಿಯಮಿತ ಪರೀಕ್ಷೆ, ತುಕ್ಕಿಗೆ ಬಣ್ಣ, ಬುಡದ ರಕ್ಷಣೆ. ಅದಕ್ಕಾಗಿ ಪ್ರತಿ ವರ್ಷದ ಬಜೆಟ್ಟಿನಲ್ಲಿ ಒಂದು ಸಾಲು ಬೇಕು. ಕೆಡವಲು ಒಂದು ಸಲ ದೊಡ್ಡ ಮೊತ್ತ ಕೊಡುವ ಸರಕಾರಗಳು ನೋಡಿಕೊಳ್ಳಲು ಪ್ರತಿ ವರ್ಷ ಚಿಕ್ಕ ಮೊತ್ತ ಕೊಡಲು ಹಿಂಜರಿಯುತ್ತವೆ. ಆ ಚಿಕ್ಕ ಸಾಲು ಇಲ್ಲದ್ದರಿಂದಲೇ ಎಷ್ಟೋ ಸೇತುವೆಗಳು ಕೆಡವುವ ಸ್ಥಿತಿಗೆ ಬರುತ್ತವೆ.

ಪೂರ್ಣಯ್ಯನವರನ್ನು ಪೂರ್ತಿ ಹೊಗಳಲು ನನ್ನಿಂದ ಆಗುವುದಿಲ್ಲ. 1782ರಲ್ಲಿ ಅವರು ತೋರಿಸಿದ ನಿಷ್ಠೆ ನನಗೆ ಇಷ್ಟ. 1799ರ ನಂತರ ಗೆದ್ದವರ ಜೊತೆ ಅಷ್ಟು ಬೇಗ ಹೊಂದಿಕೊಂಡದ್ದು ಮನಸ್ಸಿಗೆ ಚುಚ್ಚುತ್ತದೆ. ರೈತರಿಂದ ಹಿಂಡಿ ಕೂಡಿಟ್ಟ ಹಣದ ಬಗ್ಗೆಯೂ ಪ್ರಶ್ನೆ ಉಳಿಯುತ್ತದೆ. ಒಬ್ಬ ಮನುಷ್ಯನ ಖಾತೆಯಲ್ಲಿ ಎರಡೂ ಕಡೆ ಬರಹ ಇರುತ್ತದೆ, ಅಂತಿಮ ಹಿಸಾಬು ನೋಡುವವನು ಅಲ್ಲಾಹನು. ನಮ್ಮ ಪಾಲಿಗೆ ಉಳಿದಿರುವುದು ಅವರ ಸೇತುವೆ. ಮುಂದಿನ ಸಲ ಕಾಲೇಜಿನಿಂದ ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋದರೆ ಗುಂಬಜಿನಲ್ಲಿ ಫಾತಿಹಾ ಓದಿದ ಮೇಲೆ ಹತ್ತು ನಿಮಿಷ ಅಲ್ಲಿಯೂ ಇಳಿಯೋಣ. ಬದಿಯಲ್ಲಿ ನಿಂತು ಕೆಳಗಿನ ಕಂಬಗಳನ್ನು ಎಣಿಸೋಣ. ಊರಿಗೆ ಮರಳಿದ ಮೇಲೆ ನಮ್ಮ ಪಂಚಾಯತ್, ಪುರಸಭೆಯ ಸದಸ್ಯರನ್ನು ಕಂಡಾಗ ಹಳೆಯ ಸೇತುವೆಗೆ ಈ ವರ್ಷ ಎಷ್ಟು ಹಣ ಇಟ್ಟಿದ್ದೀರಿ ಎಂದು ಕೇಳೋಣ.